ಹತ್ತನೇ ಕ್ಲಾಸ್ ಹುಡುಗಿಗೆ ಫಿಸಿಕ್ಸ್ ಟ್ಯೂಷನ್: ಶಿವಮೊಗ್ಗದಲ್ಲಿ ಯಾರಿದಾರೆ, ಹೇಗೆ ಆರಿಸೋದು?

ತುಂಗಾತೀರದಮ್ಮ
ಎಲ್ರಿಗೂ ನಮಸ್ಕಾರ. ಮಗಳು ಎಸ್ಸೆಸ್ಸೆಲ್ಸಿ, ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ. ಹಾಫ್ ಇಯರ್ಲಿ ಪೇಪರ್ ತಂದು ತೋರಿಸಿದ್ಳು, ಸೈನ್ಸಲ್ಲಿ ಬಯಾಲಜಿ ಭಾಗ ಹೆಚ್ಚುಕಮ್ಮಿ ಪೂರ್ತಿ ಬಂದಿದೆ, ಕೆಮಿಸ್ಟ್ರಿ ಪರವಾಗಿಲ್ಲ, ಫಿಸಿಕ್ಸ್ ಭಾಗದಲ್ಲಿ ಮಾತ್ರ ಡೆಫಿನಿಷನ್ ಬರೆದಿದ್ದು ಬಿಟ್ರೆ ಲೆಕ್ಕ ಎಲ್ಲಾ ಖಾಲಿ, ಇಲ್ಲಾ ಫಾರ್ಮುಲಾ ಬರೆದು ಅಲ್ಲೇ ನಿಲ್ಸಿದಾಳೆ. ಕೇಳಿದ್ರೆ "ನಂಗೆ ಫಿಸಿಕ್ಸ್ ಆಗಲ್ಲಮ್ಮ" ಅಂತಾಳೆ, ಆದ್ರೆ ಪಿಯುಸಿಗೆ ಸೈನ್ಸೇ ಬೇಕಂತೆ. ಮಾರ್ಚಲ್ಲಿ ಪರೀಕ್ಷೆ. ವಿನೋಬನಗರ ಸುತ್ತಮುತ್ತ ಒಳ್ಳೆ ಫಿಸಿಕ್ಸ್ ಟ್ಯೂಷನ್ ಯಾರು ಮಾಡ್ತಾರೆ? ಮನೆಗೇ ಬರೋರು ಒಳ್ಳೇದಾ ಸೆಂಟರ್‌ಗೆ ಕಳ್ಸೋದಾ? ಫೀಸ್ ಎಷ್ಟಿರುತ್ತೆ? ನಾನು ಓದಿದ್ದು ಬಿಕಾಂ, ಮೇಷ್ಟ್ರು ಚೆನ್ನಾಗಿ ಹೇಳ್ಕೊಡ್ತಿದಾರಾ ಇಲ್ವಾ ಅಂತ ನಂಗೆ ಗೊತ್ತಾಗೋದಾದ್ರೂ ಹೇಗೆ, ಅದೇ ದೊಡ್ಡ ತಲೆನೋವು. ದಯವಿಟ್ಟು ಅನುಭವ ಇದ್ದೋರು ಹೇಳಿ.

ಗೋಪಾಳ_ಗಿರಿ
ಫಾಲೋಯಿಂಗ್. ನಮ್ಮದೂ ಇದೇ ಕಥೆ.

ಬೆಂಗ್ಳೂರ್_ಬಸ್ಸು
ಆನ್‌ಲೈನ್ ಹಾಕ್ಸಿ ಮೇಡಂ, ಊರಲ್ಲಿ ಹುಡುಕೋ ಕಾಲ ಹೋಯ್ತು.

ಹೈಸ್ಕೂಲ್_ಮೇಷ್ಟ್ರು
ಮೇಡಂ, ಟ್ಯೂಷನ್ ಹುಡುಕೋ ಮೊದ್ಲು ಒಂದು ವಿಷ್ಯ ವಿಚಾರಿಸಿ. ಶಾಲೆಯಲ್ಲಿ ಮಗಳಿಗೆ ಫಿಸಿಕ್ಸ್ ತಗೊಳ್ತಿರೋದು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಓದಿದ) ಮೇಷ್ಟ್ರಾ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ ಓದಿದ) ಮೇಷ್ಟ್ರಾ? ಹೈಸ್ಕೂಲಲ್ಲಿ ಸೈನ್ಸ್ ಒಂದೇ ಸಬ್ಜೆಕ್ಟು, 80 ಅಂಕದ ಒಂದೇ ಪೇಪರು, ಅದ್ರಲ್ಲೇ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಮೂರೂ, ಉಳಿದ 20 ಇಂಟರ್ನಲ್ಸು. ಎಷ್ಟೋ ಕಡೆ ಪಿಸಿಎಂ ಮೇಷ್ಟ್ರಿಗೆ ಮ್ಯಾಥ್ಸೇ ಮೂರೂ ಕ್ಲಾಸಿಗೆ ಆಗಿ ಹೋಗುತ್ತೆ, ಸೈನ್ಸ್ ಪೂರ್ತಿ ಸಿಬಿಝಡ್ ಓದಿದವ್ರ ತಲೆ ಮೇಲೆ. ಅವ್ರು ಜೀವಕ್ರಿಯೆಗಳ ಪಾಠ ಅದ್ಭುತವಾಗಿ ಮಾಡ್ತಾರೆ, ವಿದ್ಯುತ್ತು, ಬೆಳಕು ಬಂದಾಗ ಲೆಕ್ಕ ಬೋರ್ಡ್ ಮೇಲೆ ಬರೆದು "ನೋಟ್ ಮಾಡ್ಕೊಳಿ" ಅಂತಾರೆ. ನಿಮ್ಮ ಮಗಳ ಪೇಪರ್ ನೋಡಿದ್ರೆ ಅದೇ ವಾಸನೆ ಬರ್ತಿದೆ. ಹಂಗಿದ್ರೆ ಅದೇ ಶಾಲೆಯ ಮ್ಯಾಥ್ಸ್ ಮೇಷ್ಟ್ರನ್ನ ಒಂದು ಸಲ ಕಂಡು ಮಾತಾಡಿ, ಸ್ಕೂಲ್ ಬಿಟ್ಮೇಲೆ ವಿಶೇಷ ತರಗತಿ ಅಂತ ಎಸ್ಸೆಸ್ಸೆಲ್ಸಿಗೆ ಹೇಗೂ ನಡ್ಸ್ತಾರೆ, ಅದ್ರಲ್ಲಿ ವಾರಕ್ಕೆರಡು ಪೀರಿಯಡ್ ಫಿಸಿಕ್ಸ್ ಲೆಕ್ಕಕ್ಕೆ ಕೊಡೋಕೆ ಆಗುತ್ತಾ ಕೇಳಿ. ದುಡ್ಡೂ ಉಳಿಯುತ್ತೆ.

ರೋಧಕ47
ಮೇಷ್ಟ್ರೇ ನೀವು ಟ್ಯೂಷನ್ ಮಾಡ್ತೀರಾ? 😀

ಹೈಸ್ಕೂಲ್_ಮೇಷ್ಟ್ರು
ಇಲ್ಲ ಸ್ವಾಮಿ. ಶಿಕ್ಷಣ ಹಕ್ಕು ಕಾಯಿದೆ 2009ರ 28ನೇ ಸೆಕ್ಷನ್ ಓದಿ, ಟೀಚರ್ ಆದವ್ರು ಖಾಸಗಿ ಟ್ಯೂಷನ್ ಮಾಡಂಗಿಲ್ಲ ಅಂತ ನೇರವಾಗಿ ಬರೆದಿದಾರೆ.

ದುರ್ಗಿಗುಡಿ_ವಕೀಲ
ಆ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದ್ರೆ ಎಂಟನೇ ಕ್ಲಾಸ್‌ವರೆಗೆ. ಹತ್ತನೇ ಕ್ಲಾಸ್ ಮೇಷ್ಟ್ರಿಗೆ ಅದನ್ನ ತೋರಿಸಿ ಹೆದರಿಸೋಕೆ ಆಗಲ್ಲ.

ಹೈಸ್ಕೂಲ್_ಮೇಷ್ಟ್ರು
ನಾನು ಎಂಟನೇ ಕ್ಲಾಸಿಗೂ ಪಾಠ ಮಾಡ್ತೀನಿ ಸಾರ್. ಅದೂ ಅಲ್ದೆ ಸರ್ಕಾರಿ ನೌಕರ ಅಂದ್ಮೇಲೆ ನಡತೆ ನಿಯಮ ಬೇರೆ ಇದೆ. ನನ್ನ ಸಂಬಳ ಸಾಕು ನಂಗೆ.

ರೋಧಕ47
ಸಂಬಳ ಸಾಕು ಅನ್ನೋ ಮೇಷ್ಟ್ರನ್ನ ಇದೇ ಮೊದ್ಲು ನೋಡ್ತಿರೋದು

ಧಾರವಾಡದಾಂವ
ಅಕ್ಕಾರ, ಟ್ಯೂಷನ್ ಹಚ್ಚೂಕಿಂತ ಮೊದ್ಲ ಹುಡುಗಿ ಎಲ್ಲಿ ಸಿಗಿಬಿದ್ದಾಳ ನೋಡ್ರಿ. ನಮ್ಮ ಅಣ್ಣನ ಮಗಾನೂ ಹಿಂಗ, ಫಿಸಿಕ್ಸ್ ತಿಳಿವಲ್ತು ಅಂತ ಅಳತಿದ್ದ. ನಾ ಕುಂಡ್ರಿಸಿ ನೋಡಿದ್ರ ಫಿಸಿಕ್ಸ್ ಎಲ್ಲಾ ಬರತಿತ್ತರೀ ಅವಂಗ, ಬರದಿದ್ದದ್ದು ಭಿನ್ನರಾಶಿ. 1/15ರಾಗ 1/10 ಕಳಿ ಅಂದ್ರ 1/5 ಅಂತ ಬರೀತಿದ್ದ. ಹಂಗಾದ್ರ ಲೆನ್ಸಿನ ಲೆಕ್ಕ ಹೆಂಗ ಬರಬೇಕ್ರೀ? ಮತ್ತ ಗಂಟೆಗೆ 72 ಕಿಲೋಮೀಟರ್ ಅಂದ್ರ ಸೆಕೆಂಡಿಗೆ ಎಷ್ಟ ಮೀಟರ್ ಅಂತ ಕೇಳ್ರಿ, 20 ಅಂತ ಫಟ್ ಅಂತ ಹೇಳಿದ್ರ ಪಾಡ. ಬಾಯಿ ಬಿಟಗೊಂಡ ನಿಂತ್ರ ಒಂಬತ್ತನೇ ಕ್ಲಾಸಿನ ಚಲನೆ ಪಾಠದಾಗ ಸಿಗಿಬಿದ್ದಾಳ ಅಂತ ತಿಳೀರಿ. ಅದಕ್ಕ ಫಿಸಿಕ್ಸ್ ಮಾಸ್ತರ ಬೇಡ, ಮನ್ಯಾಗ ಹದಿನೈದ್ ದಿನ ಬರೇ ಲೆಕ್ಕ ಮಾಡ್ಸಿದ್ರ ಸಾಕು.

ತುಂಗಾತೀರದಮ್ಮ
ಈಗಷ್ಟೇ ಕೇಳ್ದೆ ಸರ್. 72ಕ್ಕೆ ಉತ್ತರ ಬಂತು, ಸ್ವಲ್ಪ ಹೊತ್ತು ತಗೊಂಡ್ಳು. 1/15 − 1/10 ಅಂದ್ರೆ ಪೇಪರ್ ತಗೊಂಡು ಮಾಡಿ ಮೈನಸ್ 1/30 ಅಂದ್ಳು. ಸರಿನಾ?

ಧಾರವಾಡದಾಂವ
ಸರಿ ಐತ್ರಿ. ಹುಡುಗಿ ಶಾಣ್ಯಾಕಿ ಅದಾಳ. ಹಂಗಾದ್ರ ಮ್ಯಾಥ್ಸ್ ಅಲ್ಲ.

ಎಂಎಸ್ಸಿ_ಶಂಕರಘಟ್ಟ
ಮೇಡಂ ನಾನು ಫಿಸಿಕ್ಸ್ ಎಂಎಸ್ಸಿ ಮಾಡ್ತಾ ಟ್ಯೂಷನ್ ಮಾಡ್ದವನು, ಈಗ ಬೇರೆ ಊರಲ್ಲಿದೀನಿ ಹಾಗಾಗಿ ಜಾಹೀರಾತು ಅಲ್ಲ. ಫಾರ್ಮುಲಾ ಬರೆದು ಅಲ್ಲೇ ನಿಲ್ಸಿದಾಳೆ ಅಂದ್ರಲ್ಲ, ಬೆಳಕಿನ ಪಾಠದಲ್ಲಿ ಹಂಗಾದ್ರೆ ನೂರಕ್ಕೆ ತೊಂಬತ್ತು ಪಾಲು ಸೈನ್ ಕನ್ವೆನ್ಷನ್, ಅಂದ್ರೆ ಯಾವ ದೂರಕ್ಕೆ ಪ್ಲಸ್ ಯಾವುದಕ್ಕೆ ಮೈನಸ್ ಅನ್ನೋ ನಿಯಮದ ಗೊಂದಲ. ಕನ್ನಡಿಗೆ 1/ವಿ + 1/ಯು = 1/ಎಫ್, ಲೆನ್ಸಿಗೆ 1/ವಿ − 1/ಯು = 1/ಎಫ್ (ಯು ವಸ್ತುವಿನ ದೂರ, ವಿ ಪ್ರತಿಬಿಂಬದ ದೂರ, ಎಫ್ ಸಂಗಮ ದೂರ). ಯಾವುದಕ್ಕೆ ಪ್ಲಸ್ ಯಾವುದಕ್ಕೆ ಮೈನಸ್ ಅಂತ ಬಾಯಿಪಾಠ ಮಾಡಿರ್ತಾರೆ, ಆದ್ರೆ ಯು ಬೆಲೆ ಹಾಕುವಾಗ ಮೈನಸ್ ಹಾಕ್ಬೇಕಾ ಬೇಡ್ವಾ ಅಂತ ಗೊತ್ತಿರಲ್ಲ. ಈ ಲೆಕ್ಕ ಕೊಟ್ಟು ನೋಡಿ: ನಿಮ್ನ ದರ್ಪಣ (ಒಳಬಾಗಿದ ಕನ್ನಡಿ), ಸಂಗಮ ದೂರ 15 ಸೆಂಮೀ, ವಸ್ತು 10 ಸೆಂಮೀ ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಸರಿಯಾದ ಉತ್ತರ ಕನ್ನಡಿ ಹಿಂದೆ 30 ಸೆಂಮೀ, ಮೂರು ಪಟ್ಟು ದೊಡ್ಡದು, ನೇರ. ಕನ್ನಡಿ ಮುಂದೆ 6 ಸೆಂಮೀ ಅಂತ ಬಂದ್ರೆ ಚಿಹ್ನೆ ತಪ್ಪು. ಆ ತಪ್ಪು ಉತ್ತರ ಬಂದಾಗ "ಹೌದಾ, ಶೇವಿಂಗ್ ಮಾಡ್ಕೊಳೋ ಕನ್ನಡೀಲಿ ಮುಖ ಹಂಗೆ ಕಾಣುತ್ತಾ?" ಅಂತ ಕೇಳೋ ಮೇಷ್ಟ್ರು ಸಿಕ್ರೆ ಅವ್ರನ್ನ ಬಿಡ್ಬೇಡಿ. ಬರೀ ಮೈನಸ್ ತಿದ್ದಿ ಮುಂದಿನ ಲೆಕ್ಕಕ್ಕೆ ಹೋಗೋ ಮೇಷ್ಟ್ರು ಬೇಡ.

ಕೊಡಚಾದ್ರಿ_ಕಾಫಿ
ಇದು ನಮ್ಮನೇಲಿ ನಡೆದಿದ್ದು ಕೇಳಿ. ಮಗನಿಗೆ ರಿಟೈರ್ಡ್ ಲೆಕ್ಚರರ್ ಒಬ್ರ ಹತ್ರ ಕಳ್ಸಿದ್ವಿ. ದೇವ್ರಂಥಾ ಮನುಷ್ಯ, ಫೀಸೂ ಕೇಳ್ತಿರಲಿಲ್ಲ ನಾವೇ ಬಲವಂತ ಮಾಡಿ ಕೊಡ್ಬೇಕು. ಆದ್ರೆ ಅವ್ರು ಕಲಿತಿದ್ದು ಹಳೇ ಪದ್ಧತಿ, ನಿಜ ಪ್ರತಿಬಿಂಬ ಆದ್ರೆ ಪ್ಲಸ್ಸು, ಮಿಥ್ಯ ಆದ್ರೆ ಮೈನಸ್ಸು, ಕನ್ನಡಿಗೂ ಲೆನ್ಸಿಗೂ ಒಂದೇ ಫಾರ್ಮುಲಾ. ಈಗಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಗ್ರಾಫ್ ಥರ, ಬೆಳಕು ಹೋಗೋ ದಿಕ್ಕು ಪ್ಲಸ್ಸು. ಶಾಲೇಲಿ ಒಂದು, ಟ್ಯೂಷನ್ನಲ್ಲಿ ಇನ್ನೊಂದು, ಹುಡುಗ ಎರಡನ್ನೂ ಕಲಸಿ ಮೇಲೋಗರ ಮಾಡ್ದ. ಎರಡೂ ಪದ್ಧತಿ ಸರಿನೇ ಅಂತೆ, ಆದ್ರೆ ಎರಡು ದೋಣಿ ಮೇಲೆ ಕಾಲಿಟ್ರೆ ಹುಡುಗನ ಗತಿ? ಹಾಗಾಗಿ ಯಾರನ್ನೇ ಸೇರ್ಸಿ, ಈಗಿನ ಟೆಕ್ಸ್ಟ್ ಬುಕ್ ಅವ್ರ ಮೇಜಿನ ಮೇಲಿದೆಯಾ ಅಂತ ಮೊದ್ಲು ನೋಡಿ.

ಎಂಎಸ್ಸಿ_ಶಂಕರಘಟ್ಟ
👆 ಇದು ಬಹಳ ಮುಖ್ಯ.

ನೀಟ್_ನಂದಕುಮಾರ
ಇಷ್ಟೆಲ್ಲಾ ಯಾಕೆ, ನೀಟ್‌ಗೆ ಮೊದ್ಲೇ ತಯಾರಿ ಮಾಡ್ಸೋ ಒಳ್ಳೆ ಫೌಂಡೇಶನ್ ಕೋರ್ಸಿಗೆ ಸೇರ್ಸಿಬಿಡಿ. ಎಂಟನೇ ಕ್ಲಾಸಿಂದಾನೇ ಶುರು ಮಾಡ್ಬೇಕಿತ್ತು ನೀವು, ಈಗ್ಲೇ ಲೇಟು. ನೀಟಲ್ಲಿ 720ಕ್ಕೆ 180 ಫಿಸಿಕ್ಸೇ ಇದೆ, ಬಯಾಲಜಿ ಎಲ್ರೂ ಮಾಡ್ತಾರೆ, ಸೀಟ್ ಕೊಡ್ಸೋದು ಫಿಸಿಕ್ಸು.

ಕೊಡಚಾದ್ರಿ_ಕಾಫಿ
ಅವ್ರ ಮಗಳು ನೀಟ್ ಬರೀತಾಳೆ ಅಂತ ಎಲ್ಲಿ ಹೇಳಿದ್ರು?

ನೀಟ್_ನಂದಕುಮಾರ
ಸೈನ್ಸ್ ತಗೊಳ್ತಾಳೆ ಅಂದ್ರೆ ಮತ್ತೇನು?

ಕೊಡಚಾದ್ರಿ_ಕಾಫಿ
ಬಿಎಸ್ಸಿ, ಅಗ್ರಿ, ಆರ್ಕಿಟೆಕ್ಚರ್, ಮೀನುಗಾರಿಕೆ, ತೋಟಗಾರಿಕೆ ಇವೆಲ್ಲ ಸೈನ್ಸ್ ಅಲ್ವಾ ಸ್ವಾಮಿ

ದುರ್ಗಿಗುಡಿ_ವಕೀಲ
ಫೌಂಡೇಶನ್ ಕೋರ್ಸ್ ಅನ್ನೋರಿಗೆ: 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರ್ ಮಾರ್ಗಸೂಚಿ ಹೊರಡಿಸಿದೆ. 16 ವರ್ಷ ತುಂಬದವ್ರನ್ನ ಸೇರಿಸ್ಕೊಳ್ಳೋ ಹಾಗಿಲ್ಲ, ಹತ್ತನೇ ಕ್ಲಾಸ್ ಪರೀಕ್ಷೆ ಆದ್ಮೇಲೇ ದಾಖಲಾತಿ. ಪಾಠ ಮಾಡೋರು ಕನಿಷ್ಠ ಡಿಗ್ರಿ ಓದಿರ್ಬೇಕು. ಮಧ್ಯದಲ್ಲಿ ಬಿಟ್ರೆ ಉಳಿದ ಅವಧಿಯ ಫೀಸನ್ನ 10 ದಿನದೊಳಗೆ ವಾಪಸ್ ಕೊಡ್ಬೇಕು. ರ್‍ಯಾಂಕ್ ಗ್ಯಾರಂಟಿ ಅಂತ ಜಾಹೀರಾತು ಹಾಕಂಗಿಲ್ಲ. ಆದ್ರೆ ಇದು ಮಾರ್ಗಸೂಚಿ ಅಷ್ಟೇ, ರಾಜ್ಯಗಳು ಅಳವಡಿಸ್ಕೊಂಡ್ರೆ ಮಾತ್ರ ಹಲ್ಲು ಬರೋದು, ಮತ್ತೆ 50ಕ್ಕಿಂತ ಜಾಸ್ತಿ ಮಕ್ಕಳಿರೋ ಸೆಂಟರ್‌ಗೆ ಮಾತ್ರ. ಮನೆ ಟ್ಯೂಷನ್ನಿಗೆ ಸಂಬಂಧ ಇಲ್ಲ.

ರೋಧಕ47
ಅದಕ್ಕೇ 49 ಮಕ್ಕಳ ಬ್ಯಾಚ್ ಮಾಡ್ತಾರೆ ಲಾಯರ್ ಸಾಹೇಬ್ರೇ

ಗೋಪಾಳ_ಗಿರಿ
ಫೀಸ್ ವಿಷ್ಯ ಬಂತಲ್ಲ, ನಮ್ಮ ಕಥೆ ಹೇಳ್ಬಿಡ್ತೀನಿ. ದೊಡ್ಡ ಮಗನಿಗೆ ಒಂದು ಸೆಂಟರಲ್ಲಿ ವರ್ಷದ ಫೀಸ್ ಒಂದೇ ಸಲ ಕಟ್ಟಿ ಅಂದ್ರು, ಡಿಸ್ಕೌಂಟ್ ಇದೆ ಅಂತ. ಕಟ್ಟಿದ್ವಿ. ಡೆಮೊ ಕ್ಲಾಸ್ ಮಾಡಿದ್ದು ಒಬ್ರು, ಎಷ್ಟ್ ಚೆನ್ನಾಗಿ ಮಾಡಿದ್ರು ಅಂದ್ರೆ ನಾನೇ ಸೇರ್ಕೊಳೋಣ ಅನ್ಸ್ತು. ಕ್ಲಾಸ್ ಶುರುವಾದ್ಮೇಲೆ ಅವ್ರು ಕಾಣ್ಸ್ಲೇ ಇಲ್ಲ, ಬೇರೆ ಹುಡುಗ ಬಂದ, ದೀಪಾವಳಿ ಹೊತ್ತಿಗೆ ಅವನೂ ಕೆಲಸ ಸಿಕ್ತು ಅಂತ ಹೋದ, ಮೂರನೆಯವ್ರು ಪಿಡಿಎಫ್ ಓದ್ತಿದ್ರು. ದುಡ್ಡು ವಾಪಸ್ ಕೇಳಿದ್ರೆ ಮುಂದಿನ ವರ್ಷಕ್ಕೆ ಅಡ್ಜಸ್ಟ್ ಮಾಡ್ತೀವಿ ಅಂದ್ರು. ಮುಂದಿನ ವರ್ಷ ಅವ್ನು ಕಾಮರ್ಸ್ ಸೇರ್ದ!! ಆಮೇಲಿಂದ ನಮ್ಮನೇಲಿ ಒಂದೇ ರೂಲು, ತಿಂಗಳು ತಿಂಗಳಿಗೆ ಕೊಡೋದು, ತಿಂಗಳ ಕೊನೇಲಿ. ಒಪ್ಪಲ್ಲ ಅಂದ್ರೆ ಬೇಡ.

ಸಹ್ಯಾದ್ರಿ_ಸ್ಟೂಡೆಂಟ್
ತಿಂಗಳ ಕೊನೇಲಿ ಅಂತ ಹೇಳಿ ಮೂರು ತಿಂಗ್ಳು ಸತಾಯ್ಸೋ ಪೇರೆಂಟ್ಸೂ ಇದಾರೆ ಅಂಕಲ್. ನಾನು ಬಿಎಸ್ಸಿ ಮಾಡ್ತಾ ಟ್ಯೂಷನ್ ಮಾಡೋನು. ಪರೀಕ್ಷೆ ಮುಗಿದ ತಕ್ಷಣ ಫೋನೇ ಎತ್ತಲ್ಲ ಕೆಲವ್ರು. ಮೊದಲ ವಾರದಲ್ಲೇ ಕೊಡಿ, ಒಂದು ತಿಂಗಳದ್ದು, ಇಬ್ರಿಗೂ ನ್ಯಾಯ.

ಗೋಪಾಳ_ಗಿರಿ
ಸರಿ ಕಣಪ್ಪ ಒಪ್ದೆ. ಎಷ್ಟ್ ತಗೋತೀಯ?

ಸಹ್ಯಾದ್ರಿ_ಸ್ಟೂಡೆಂಟ್
ಮನೆಗೆ ಬಂದು ವಾರಕ್ಕೆ ಮೂರು ದಿನ ಅಂದ್ರೆ ಎರಡು ಸಾವಿರ. ಇಬ್ರು ಮಕ್ಕಳು ಸೇರಿದ್ರೆ ತಲಾ ಸಾವಿರದ ಮುನ್ನೂರು. ನಮ್ಮ ರೂಮ್ ಹತ್ರ ಬಂದ್ರೆ ಇನ್ನೂ ಕಮ್ಮಿ. ಬಿಎಡ್ ಆದವ್ರು, ಅನುಭವ ಇರೋರು ಇದ್ರ ಡಬಲ್ ಕೇಳ್ತಾರೆ.

ಬೆಂಗ್ಳೂರ್_ಬಸ್ಸು
ತಿಂಗ್ಳಿಗೆ ಎರಡು ಸಾವಿರನಾ!! ಇಲ್ಲಿ ಜಯನಗರದಲ್ಲಿ ಗಂಟೆಗೆ ಎಂಟುನೂರು ಕೊಡ್ತಿದೀನಿ ಮಾರಾಯ, ಅದೂ ಅರ್ಧ ಗಂಟೆ ಟ್ರಾಫಿಕ್ ಕಥೆ ಕೇಳ್ಕೊಂಡು

ಮೈಸೂರು_ಮಲ್ಲಿಗೆ_ಆಂಟಿ
ನಮ್ಮ ಮೈಸೂರಲ್ಲಿ ಮಾನಸಗಂಗೋತ್ರಿ ಪಕ್ಕ ಆರ್‌ಐಇ ಅಂತ ಟೀಚರ್ ತರಬೇತಿ ಸಂಸ್ಥೆ ಇದೆ, ಅಲ್ಲಿ ಬಿಎಸ್ಸಿ ಬಿಎಡ್ ಒಟ್ಟಿಗೆ ಓದೋ ಹುಡುಗ್ರು ಸಿಗ್ತಾರೆ. ಪಾಠ ಮಾಡೋದು ಹೇಗೆ ಅನ್ನೋದೇ ಅವ್ರ ಓದು, ಹಾಗಾಗಿ ತಾಳ್ಮೆ ಇರುತ್ತೆ. ಕೊನೆ ವರ್ಷದ ಹುಡುಗಿಯೊಬ್ಬಳು ನನ್ನ ಮೊಮ್ಮಗನಿಗೆ ಬರ್ತಿದ್ಳು, ಬ್ಯಾಟರಿ, ವೈರು, ಟಾರ್ಚ್ ಬಲ್ಬು ಎಲ್ಲಾ ಬ್ಯಾಗಲ್ಲಿ ಇಟ್ಕೊಂಡೇ ಬರೋಳು. ಶಿವಮೊಗ್ಗದಲ್ಲೂ ಬಿಎಡ್ ಕಾಲೇಜುಗಳಿವೆಯಲ್ಲಮ್ಮ, ಅಲ್ಲಿ ಹೋಗಿ ಪಿಸಿಎಂ ಮೆಥಡ್ ತಗೊಂಡೋರು ಯಾರಿದಾರೆ ಅಂತ ನೋಟಿಸ್ ಬೋರ್ಡಲ್ಲಿ ಒಂದು ಚೀಟಿ ಅಂಟಿಸಿ ಬಾ. ಹುಡುಗಿಗೆ ಹುಡುಗಿನೇ ಟೀಚರ್ ಆದ್ರೆ ಪ್ರಶ್ನೆ ಕೇಳೋಕೆ ಸಂಕೋಚ ಇರಲ್ಲ.

ಕರಾವಳಿ_ಕಾರ್ತಿ
ಎಂತ ಮಾರಾಯ್ರೆ, ಕಲಿಸ್ಲಿಕ್ಕೆ ಗೊತ್ತಿದ್ರೆ ಆಯ್ತಲ್ಲ, ಗಂಡಾದ್ರೆಂತ ಹೆಣ್ಣಾದ್ರೆಂತ. ಆದ್ರೆ ಒಂದು ಹೇಳ್ತೇನೆ, ಮನೆಗೆ ಯಾರೇ ಬರ್ಲಿ, ಪಾಠ ಹಾಲಲ್ಲೇ ಆಗ್ಲಿ, ರೂಮಿನ ಬಾಗಿಲು ಹಾಕ್ಕೊಂಡು ಅಲ್ಲ, ಮನೇಲಿ ದೊಡ್ಡವ್ರು ಯಾರಾದ್ರೂ ಇರ್ಲಿ. ಮೆಸೇಜ್ ಮಾಡೋದಿದ್ರೆ ಅಪ್ಪ ಅಮ್ಮನ ನಂಬರಿಗೆ ಮಾಡ್ಲಿ, ಮಕ್ಕಳ ನಂಬರಿಗೆ ಬೇಡ. ಒಳ್ಳೆ ಟೀಚರಿಗೆ ಇದ್ರಿಂದ ಬೇಜಾರಾಗುದಿಲ್ಲ, ಅವ್ರಿಗೂ ಇದೇ ಸೇಫ್.

ಸಹ್ಯಾದ್ರಿ_ಸ್ಟೂಡೆಂಟ್
ನಿಜ, ನಾನೇ ಹಾಲಲ್ಲಿ ಕೂರಿಸಿ ಅಂತ ಕೇಳ್ತೀನಿ.

ತುಂಗಾತೀರದಮ್ಮ
ಎಲ್ಲರಿಗೂ ಥ್ಯಾಂಕ್ಸ್. ನಾನು ಕೆಲಸದಿಂದ ಮನೆ ಸೇರೋದು ಆರೂವರೆ, ಅತ್ತೆ ಇರ್ತಾರೆ ಮನೇಲಿ. ಬೆಳಿಗ್ಗೆ ಆರು ಗಂಟೆ ಬ್ಯಾಚ್ ಅಂತ ಒಂದು ಕಡೆ ಹೇಳಿದ್ರು, ಈ ಚಳೀಲಿ ಕತ್ತಲಲ್ಲಿ ಕಳ್ಸೋಕೆ ಮನಸಿಲ್ಲ. ಡೆಮೊ ಕ್ಲಾಸಲ್ಲಿ ನಾನು ಕೂತ್ಕೋಬಹುದಾ? ಕೂತ್ರೂ ಏನು ನೋಡ್ಬೇಕು?

ಎಂಎಸ್ಸಿ_ಶಂಕರಘಟ್ಟ
ಕೂತ್ಕೊಳಿ ಮೇಡಂ, ಬೇಡ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಫಿಸಿಕ್ಸ್ ನಿಮಗೆ ಅರ್ಥ ಆಗ್ಬೇಕಾಗಿಲ್ಲ. ಯಾರು ಜಾಸ್ತಿ ಮಾತಾಡ್ತಿದಾರೆ, ಪೆನ್ನು ಯಾರ ಕೈಲಿದೆ ಅಂತ ನೋಡಿ. ಒಂದು ಗಂಟೇಲಿ ಮುಕ್ಕಾಲು ಗಂಟೆ ಮೇಷ್ಟ್ರೇ ಮಾತಾಡಿದ್ರೆ ಅದು ಭಾಷಣ, ಅದನ್ನ ಯೂಟ್ಯೂಬಲ್ಲಿ ಬಿಟ್ಟಿ ನೋಡ್ಬಹುದು. ಮಗಳು ತಪ್ಪು ಮಾಡಿದಾಗ ಅವ್ರು ಸುಮ್ನಿದ್ದು "ಯಾಕೆ ಹಂಗನ್ಸ್ತು?" ಅಂತ ಕೇಳ್ತಾರಾ ಅಥವಾ ಪೆನ್ನು ಕಸ್ಕೊಂಡು ತಾವೇ ಬರೀತಾರಾ, ಅದು ಸಾಕು ನಿರ್ಧಾರ ಮಾಡೋಕೆ. ಇನ್ನೊಂದು, ಚಿತ್ರ ಬರೆಸ್ತಾರಾ ನೋಡಿ. ಲೆಕ್ಕ ಬಿಡಿಸೋಕೆ ಮುಂಚೆ ಕಿರಣ ಚಿತ್ರ, ಸರ್ಕ್ಯೂಟ್ ಚಿತ್ರ ಬರೆಸೋರು ಒಳ್ಳೆ ಮೇಷ್ಟ್ರು. ಎಸ್ಸೆಸ್ಸೆಲ್ಸೀಲಿ ಚಿತ್ರಕ್ಕೇ ಅಂಕ ಇರುತ್ತೆ, ಅದು ಬೇರೆ ಲಾಭ.

ಮೇಷ್ಟ್ರನ್ನೇ ಪರೀಕ್ಷೆ ಮಾಡ್ಬೇಕು ಅಂದ್ರೆ ಒಂದು ಪ್ರಶ್ನೆ ಕೇಳಿ. ಮೇಲಕ್ಕೆಸೆದ ಚೆಂಡು ತುತ್ತತುದಿಗೆ ಹೋದಾಗ ಅದ್ರ ವೇಗ ಸೊನ್ನೆ, ಹಾಗಾದ್ರೆ ವೇಗೋತ್ಕರ್ಷ (ವೇಗ ಬದಲಾಗೋ ದರ) ಎಷ್ಟು? ಸೊನ್ನೆ ಅಂದ್ರೆ ನಮಸ್ಕಾರ ಹೇಳಿ ಬನ್ನಿ. 9.8 ಮೀ/ಸೆ², ಕೆಳಮುಖವಾಗಿ, ಅದು ಸೊನ್ನೆ ಆಗಿದ್ರೆ ಚೆಂಡು ಅಲ್ಲೇ ನಿಂತ್ಬಿಡ್ತಿತ್ತು ಅಂತ ಹೇಳಿದ್ರೆ ಸೇರ್ಸಿ.

ಹೈಸ್ಕೂಲ್_ಮೇಷ್ಟ್ರು
ಪೋಷಕರು ಮೇಷ್ಟ್ರಿಗೆ ಪರೀಕ್ಷೆ ಮಾಡೋದು ನಂಗ್ಯಾಕೋ ಸರಿ ಬರಲ್ಲ. ಮೊದಲ ದಿನಾನೇ ಅಪನಂಬಿಕೆ ಇಟ್ಕೊಂಡು ಹೋದ್ರೆ ಮಕ್ಕಳಿಗೂ ಗುರು ಅನ್ನೋ ಗೌರವ ಇರಲ್ಲ.

ರೋಧಕ47
ತರಕಾರಿ ಕೊಳ್ಳೋವಾಗ ಬೆಂಡೆಕಾಯಿ ತುದಿ ಮುರಿದು ನೋಡ್ತೀವಿ ಮೇಷ್ಟ್ರೇ, ಸಾವಿರಾರು ರೂಪಾಯಿ ಕೊಡುವಾಗ ನೋಡ್ಬಾರ್ದಾ

ನನ್ನ ಪ್ರಶ್ನೆ ಬೇರೆ. 60 ವ್ಯಾಟ್ ಬಲ್ಬು, 100 ವ್ಯಾಟ್ ಬಲ್ಬು, ಎರಡನ್ನೂ ಸರಣಿಯಲ್ಲಿ (ಒಂದರ ಹಿಂದೊಂದು) ಜೋಡಿಸಿ ಮನೆ ಕರೆಂಟಿಗೆ ಕೊಟ್ರೆ ಯಾವುದು ಜಾಸ್ತಿ ಉರಿಯುತ್ತೆ? ಇದಕ್ಕೆ ಉತ್ತರ ಹೇಳಿದವ್ರೇ ನಿಜವಾದ ಫಿಸಿಕ್ಸ್ ಮೇಷ್ಟ್ರು.

ನೀಟ್_ನಂದಕುಮಾರ
100. ಇದೇನು ಪ್ರಶ್ನೆನಾ.

ರೋಧಕ47
😂😂

ಧಾರವಾಡದಾಂವ
60 ರೀ.

ಬೆಂಗ್ಳೂರ್_ಬಸ್ಸು
100 ವ್ಯಾಟ್ ಅಂದ್ಮೇಲೆ 100 ತಾನೇ ಜಾಸ್ತಿ ಉರಿಯೋದು, ಯಾಕೆ ಸುಮ್ನೆ ತಲೆ ತಿಂತೀರ

ಎಂಎಸ್ಸಿ_ಶಂಕರಘಟ್ಟ
60. ಬಲ್ಬಿನ ಮೇಲೆ ಬರೆದಿರೋ ವ್ಯಾಟು ಪೂರ್ತಿ 220 ವೋಲ್ಟ್ ಸಿಕ್ಕಾಗ ಮಾತ್ರ. ವೋಲ್ಟೇಜಿನ ವರ್ಗವನ್ನ ವ್ಯಾಟಿಂದ ಭಾಗಿಸಿದ್ರೆ ರೋಧ ಸಿಗುತ್ತೆ: 60ರದ್ದು ಸುಮಾರು 807 ಓಮ್, 100ರದ್ದು 484 ಓಮ್. ಸರಣೀಲಿ ಎರಡರಲ್ಲೂ ಹರಿಯೋ ಕರೆಂಟ್ ಒಂದೇ, ಹಾಗಾಗಿ ರೋಧ ಜಾಸ್ತಿ ಇದ್ದಿದ್ದೇ ಜಾಸ್ತಿ ಉರಿಯುತ್ತೆ. ಲೆಕ್ಕ ಹಾಕಿದ್ರೆ 60ಕ್ಕೆ ಸುಮಾರು 23 ವ್ಯಾಟ್, 100ಕ್ಕೆ ಸುಮಾರು 14 ವ್ಯಾಟ್.

ಲೈನ್‌ಮ್ಯಾನ್_ಲೋಕಿ
ಲೆಕ್ಕದಲ್ಲಿ ಸರಿ ಸಾರ್, ಆದ್ರೆ ನಿಜವಾಗಿ ಜೋಡಿಸಿ ನೋಡಿದ್ರೆ 23, 14 ಬರಲ್ಲ. ಫಿಲಮೆಂಟು ಕಮ್ಮಿ ಬಿಸಿ ಆದಾಗ ಅದ್ರ ರೋಧ ಕಮ್ಮಿ, ಎರಡೂ ಅರೆಬರೆ ಉರೀತಿರೋದ್ರಿಂದ ಕರೆಂಟ್ ಸ್ವಲ್ಪ ಜಾಸ್ತಿನೇ ಹರಿಯುತ್ತೆ. 60 ಜಾಸ್ತಿ ಉರಿಯೋದು ಮಾತ್ರ ಪಕ್ಕಾ, 100 ಕೆಂಪಗೆ ಮಿಣಿಮಿಣಿ ಅಂತಿರುತ್ತೆ. ಇದನ್ನ ಈಗಿನ ಎಲ್‌ಇಡಿ ಬಲ್ಬಲ್ಲಿ ಮಾಡೋಕೆ ಹೋಗ್ಬೇಡಿ, ಒಳಗಡೆ ಡ್ರೈವರ್ ಸರ್ಕ್ಯೂಟ್ ಇರುತ್ತೆ, ಮಿಟುಕುತ್ತೆ, ಇಲ್ಲಾ ಉರಿಯೋದೇ ಇಲ್ಲ. ಮಕ್ಕಳು 220 ವೋಲ್ಟಲ್ಲಿ ಪ್ರಯೋಗ ಮಾಡೋದೇ ಬೇಡ, ಟಾರ್ಚ್ ಸೆಲ್ಲು ಟಾರ್ಚ್ ಬಲ್ಬು ಸಾಕು.

ರೋಧಕ47
ಲೋಕಿ ಅಣ್ಣಂಗೆ ಮೊದಲ ಬಹುಮಾನ. ತುಂಗಾ ಮೇಡಂ, ಇವ್ರನ್ನೇ ಟ್ಯೂಷನ್ನಿಗೆ ಕರೀರಿ

ಲೈನ್‌ಮ್ಯಾನ್_ಲೋಕಿ
ಐಟಿಐ ಓದಿರೋದು ಸಾರ್, ಹತ್ತನೇ ಕ್ಲಾಸಲ್ಲಿ ಸೈನ್ಸ್ 41

ಗೋಪಾಳ_ಗಿರಿ
ಲೋಕಿ, ಹಂಗೇ ಒಂದು ಡೌಟು, ಗಣಪತಿಗೆ ಹಾಕೋ ಸೀರಿಯಲ್ ಸೆಟ್ಟಲ್ಲಿ ಮೊದ್ಲೆಲ್ಲ ಒಂದು ಬಲ್ಬ್ ಹೋದ್ರೆ ಎಲ್ಲಾ ಹೋಗ್ತಿತ್ತು, ಈಗ ಅರ್ಧ ಹೋಗಿ ಅರ್ಧ ಉರಿಯುತ್ತೆ, ಯಾಕೆ?

ಲೈನ್‌ಮ್ಯಾನ್_ಲೋಕಿ
ಈಗಿನ ಸೆಟ್ಟಲ್ಲಿ ಸರಣಿ ಮಾಡಿದ ಗುಂಪುಗಳನ್ನ ಸಮಾಂತರದಲ್ಲಿ ಜೋಡಿಸಿರ್ತಾರೆ ಅಣ್ಣ. ಒಂದು ಗುಂಪು ಹೋದ್ರೂ ಇನ್ನೊಂದು ಇರುತ್ತೆ.

ಕೊಡಚಾದ್ರಿ_ಕಾಫಿ
ನೋಡಿ ಇಡೀ ವಿದ್ಯುತ್ ಪಾಠ ಇಲ್ಲೇ ಮುಗೀತು, ಫೀಸ್ ಇಲ್ದೆ.

ಬಸವನಗುಡಿ_ತಾತ
ಓದಿ ಖುಷಿ ಆಯಿತು. ನಮ್ಮ ಕಾಲದಲ್ಲಿ ಟ್ಯೂಷನ್ನಿಗೆ ಹೋಗುವುದು ಎಂದರೆ ಅವಮಾನ, ದಡ್ಡ ಅಂತ ಲೆಕ್ಕ. ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ಫಿಸಿಕ್ಸ್ ಪಾಠ ಮಾಡುತ್ತಿದ್ದವರು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು, ಆದರೂ ಹಾಸ್ಟೆಲ್ ಕೋಣೆಯಲ್ಲೇ ಇದ್ದರು. ಪ್ರಶ್ನೆ ಕೇಳದೆ ಒಪ್ಪಬೇಡಿ ಎನ್ನುವುದು ಅವರ ಜೀವನದ ಮಂತ್ರ. ಈಗ ಎಲ್ಲ ವ್ಯಾಪಾರ.

ಸಹ್ಯಾದ್ರಿ_ಸ್ಟೂಡೆಂಟ್
ತಾತ, ನಾನು ಟ್ಯೂಷನ್ ದುಡ್ಡಲ್ಲೇ ಕಾಲೇಜ್ ಫೀಸ್ ಕಟ್ತಿದೀನಿ. ಎಲ್ಲಾ ವ್ಯಾಪಾರ ಅನ್ಬೇಡಿ ಪ್ಲೀಸ್.

ಬಸವನಗುಡಿ_ತಾತ
ನಿನ್ನಂಥವರಿಗೆ ಹೇಳಿದ್ದಲ್ಲ ಮಗು. ಚೆನ್ನಾಗಿ ಓದು.

ಶಾರ್ಜಾ_ಶೆಟ್ರು
ಇಲ್ಲಿ ಯುಎಇಯಲ್ಲಿ ಟ್ಯೂಷನ್ ಮಾಡ್ಲಿಕ್ಕೆ ಪರ್ಮಿಟ್ ಬೇಕು ಮಾರಾಯ್ರೆ. 2023 ಡಿಸೆಂಬರಲ್ಲಿ ಸರ್ಕಾರ ಪ್ರೈವೇಟ್ ಟೀಚರ್ ವರ್ಕ್ ಪರ್ಮಿಟ್ ಅಂತ ತಂದಿದೆ, ಫ್ರೀ, ಎರಡು ವರ್ಷಕ್ಕೆ. ಶಾಲೆ ಟೀಚರ್ಸು, ಕೆಲಸ ಇಲ್ಲದವ್ರು, ಕಾಲೇಜ್ ಮಕ್ಕಳು ಕೂಡ ಹಾಕ್ಬಹುದು. ಅದಕ್ಕಿಂತ ಮುಂಚೆ ಎಲ್ಲಾ ಕದ್ದುಮುಚ್ಚಿ ನಡೀತಿತ್ತು. ನಮ್ಮ ಮಗಳು ಸಿಬಿಎಸ್‌ಇ, ಅವಳಿಗೆ ಊರಿಂದ ಆನ್‌ಲೈನಲ್ಲಿ ಕನ್ನಡದ ಟೀಚರೇ ಪಾಠ ಮಾಡ್ತಾರೆ, ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇನೂ ತೊಂದ್ರೆ ಇಲ್ಲ.

ಬೆಂಗ್ಳೂರ್_ಬಸ್ಸು
ಅದೇ ನಾನೂ ಹೇಳಿದ್ದು, ಆನ್‌ಲೈನ್.

ಹೈಸ್ಕೂಲ್_ಮೇಷ್ಟ್ರು
ಆನ್‌ಲೈನ್ ಅಂದ್ರೆ ದುಡ್ಡು ಕೊಟ್ಟಿದ್ದೇ ಆಗ್ಬೇಕು ಅಂತಿಲ್ಲ. 2020ರ ಕೊರೊನಾ ಹೊತ್ತಲ್ಲಿ ರಾಜ್ಯ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಅವ್ರು ಚಂದನ ಟಿವಿಯಲ್ಲಿ ಸಂವೇದ ಪಾಠಗಳನ್ನ ಪ್ರಸಾರ ಮಾಡಿದ್ರು, ಯೂಟ್ಯೂಬಲ್ಲಿ ಹುಡುಕಿ. ಪುಸ್ತಕದಲ್ಲಿ ಕ್ಯುಆರ್ ಕೋಡ್ ಇದ್ರೆ ದೀಕ್ಷಾ ಆ್ಯಪಲ್ಲಿ ಸ್ಕ್ಯಾನ್ ಮಾಡಿದ್ರೆ ವಿಡಿಯೋ ಬರುತ್ತೆ. ಖಾನ್ ಅಕಾಡೆಮಿ ಕನ್ನಡದಲ್ಲೂ ಇದೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅಂತ ಇದೆ, ಸರ್ಕ್ಯೂಟನ್ನ ಪರದೆ ಮೇಲೇ ಜೋಡಿಸಿ ಬಲ್ಬ್ ಉರಿಸಬಹುದು, ಲೆನ್ಸ್ ಎಳೆದಾಡಿ ಪ್ರತಿಬಿಂಬ ಎಲ್ಲಿ ಹೋಗುತ್ತೆ ನೋಡ್ಬಹುದು. ಅದೂ ಫ್ರೀ. ಸ್ಮಾರ್ಟ್ ಬೋರ್ಡ್ ಇರೋ ನಮ್ಮ ಶಾಲೇಲಿ ಅದನ್ನ ಬಳಸ್ತೀವಿ, ಸ್ಮಾರ್ಟ್ ಬೋರ್ಡ್ ಕೆಟ್ಟಿರೋ ದಿನ ಬಿಟ್ಟು.

ಕರಾವಳಿ_ಕಾರ್ತಿ
ಅಂದ್ರೆ ವರ್ಷದಲ್ಲಿ ಎಷ್ಟು ದಿನ ಮೇಷ್ಟ್ರೇ? 😁

ಎಂಎಸ್ಸಿ_ಶಂಕರಘಟ್ಟ
ವಿಡಿಯೋ ಒಳ್ಳೇದೇ, ಆದ್ರೆ ವಿಡಿಯೋ ನೋಡಿದ್ರೆ "ಎಲ್ಲಾ ಅರ್ಥ ಆಯ್ತು" ಅನ್ಸಿಬಿಡುತ್ತೆ, ಪೇಪರ್ ಎದುರು ಬಂದಾಗ ಕೈ ಓಡಲ್ಲ. ತುಂಗಾ ಮೇಡಂ ಮಗಳಿಗೆ ಆಗಿರೋದು ಅದೇ ಥರದ್ದು. ಕೂತು ಬಿಡಿಸೋಕೆ, ತಪ್ಪಾದಾಗ ಹಿಡಿಯೋಕೆ ಒಬ್ರು ಬೇಕು. ದಿನಾ ಬೇಡ, ವಾರಕ್ಕೆರಡು ಸಲ ಸಾಕು, ಮಧ್ಯದ ದಿನ ಅವಳೇ ಬಿಡಿಸ್ಲಿ.

ತುಂಗಾತೀರದಮ್ಮ
ಅಪ್‌ಡೇಟ್ ಕೊಡ್ತಿದೀನಿ. ಕನ್ನಡಿ ಲೆಕ್ಕ ಕೊಟ್ಟೆ, 6 ಸೆಂಮೀ ಅಂತಾನೇ ಬಂತು 😅 ಶಾಲೇಲಿ ವಿಚಾರಿಸಿದ್ರೆ ಸೈನ್ಸ್ ಪೂರ್ತಿ ಸಿಬಿಝಡ್ ಮೇಡಮ್ಮೇ, ಮೇಷ್ಟ್ರು ಹೇಳಿದ ಹಾಗೇ. ಮ್ಯಾಥ್ಸ್ ಸರ್ ವಿಶೇಷ ತರಗತಿಗೆ ಆಯ್ತು ನೋಡೋಣ ಅಂದಿದಾರೆ, ಆದ್ರೆ ಸಿಲಬಸ್ ಮುಗಿಸೋ ಅವಸರ ಅವ್ರಿಗೂ ಇದೆ. ಎರಡು ಕಡೆ ಡೆಮೊ ನೋಡಿದೆ. ಸೆಂಟರಲ್ಲಿ ಪೇರೆಂಟ್ಸ್ ಒಳಗೆ ಬರಂಗಿಲ್ಲ ಅಂದ್ರು, ಗಾಜಿಂದ ನೋಡಿದೆ, ಮೇಷ್ಟ್ರು ಮೈಕಲ್ಲಿ ಮಾತಾಡ್ತಿದ್ರು, ಮಕ್ಕಳು ಬರೀತಾನೇ ಇದ್ರು. ಇನ್ನೊಬ್ರು ಬಿಎಡ್ ಮಾಡ್ತಿರೋ ಹುಡುಗಿ, ನಮ್ಮನೆ ಹಿಂದಿನ ಬೀದಿ. ಚೆಂಡಿನ ಪ್ರಶ್ನೆ ಕೇಳಿದೆ, ಸಂಕೋಚ ಆಯ್ತು ನಂಗೇ. ಅವಳು ಉತ್ತರ ಹೇಳಲಿಲ್ಲ, ಮಗಳ ಕಡೆ ತಿರುಗಿ "ನಿಂಗೇನನ್ಸುತ್ತೆ?" ಅಂದ್ಳು. ಮಗಳು ಸೊನ್ನೆ ಅಂದ್ಳು. ಸರಿ, ಅಲ್ಲಿ ವೇಗನೂ ಸೊನ್ನೆ, ವೇಗ ಬದಲಾಗೋದೂ ಸೊನ್ನೆ ಆದ್ರೆ ಮುಂದಿನ ಕ್ಷಣ ಚೆಂಡಿಗೆ ಏನಾಗ್ಬೇಕು ಅಂತ ಕೇಳಿದ್ಳು. ಇಬ್ರೂ ಅರ್ಧ ಗಂಟೆ ಅದೇ ಮಾತಾಡಿದ್ರು, ನಾನು ಕಾಫಿ ಮಾಡೋಕೆ ಎದ್ದು ಹೋದೆ.

ರೋಧಕ47
ಫಿಕ್ಸ್ ಮಾಡಿ ಮೇಡಂ ಇನ್ನೇನ್ ನೋಡ್ತೀರ

ನೀಟ್_ನಂದಕುಮಾರ
ಅರ್ಧ ಗಂಟೆ ಒಂದೇ ಪ್ರಶ್ನೆಗೆ! ಹೀಗಾದ್ರೆ ಮಾರ್ಚ್ ಒಳಗೆ ಪೋರ್ಷನ್ ಮುಗಿಯುತ್ತಾ? ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ ಕೊಡೋದು, ನೆನಪಿರ್ಲಿ.

ಧಾರವಾಡದಾಂವ
ಹುಡುಗಿ ಇನ್ನಾ ಹತ್ತನೇತ್ತಾ ಅದಾಳ ಮಾರಾಯಾ, ಸಿಇಟಿ ಎರಡ ವರ್ಷ ಆದಮ್ಯಾಲೆ.

ಹೈಸ್ಕೂಲ್_ಮೇಷ್ಟ್ರು
ನಂದಕುಮಾರ್ ಹೇಳೋದ್ರಲ್ಲೂ ಒಂದು ಮಾತಿದೆ. ಜನವರಿಯಿಂದ ಹಳೇ ಪ್ರಶ್ನೆಪತ್ರಿಕೆ ಸಮಯ ಇಟ್ಟು ಬರೆಸ್ಬೇಕು, ಅದನ್ನ ಆ ಹುಡುಗಿಗೆ ಈಗ್ಲೇ ಹೇಳ್ಬಿಡಿ. ಪರೀಕ್ಷಾ ಮಂಡಳಿಯವ್ರು ಮಾದರಿ ಪ್ರಶ್ನೆಪತ್ರಿಕೆ ವೆಬ್‌ಸೈಟಲ್ಲಿ ಹಾಕ್ತಾರೆ. ಈಗ ಒಂದಕ್ಕಿಂತ ಜಾಸ್ತಿ ಅವಕಾಶ ಇರೋದ್ರಿಂದ ಮಗಳ ಮೇಲೆ ಜೀವ ಹೋಗೋ ಹಂಗೆ ಒತ್ತಡ ಹಾಕೋದು ಬೇಡ, ಹಾಗಂತ ಎರಡನೇದಕ್ಕೆ ಬರೆದ್ರಾಯ್ತು ಅನ್ನೋ ಸಲಿಗೆನೂ ಬೇಡ. ಆಮೇಲೆ ಮ್ಯಾಥ್ಸ್ ಸರ್‌ನ ಬಿಡ್ಬೇಡಿ, ವಾರಕ್ಕೊಂದು ಸಲ ನೆನಪಿಸ್ತಾ ಇರಿ.

ತುಂಗಾತೀರದಮ್ಮ
ಆಯ್ತು ಸರ್. ಮಂಗಳವಾರ, ಶುಕ್ರವಾರ ಸಂಜೆ ಏಳಕ್ಕೆ ಅಂತ ಮಾತಾಡಿದೀನಿ, ತಿಂಗಳಿಗೆ 1,800, ಮೊದಲ ವಾರದಲ್ಲೇ ಕೊಡ್ತೀನಿ ಅಂದಿದೀನಿ.

ಸಹ್ಯಾದ್ರಿ_ಸ್ಟೂಡೆಂಟ್
🙏🙏 ಥ್ಯಾಂಕ್ಸ್ ಆಂಟಿ, ನಮ್ಮೆಲ್ಲರ ಪರವಾಗಿ

ಗೋಪಾಳ_ಗಿರಿ
ಮೇಡಂ, ಆ ಹುಡುಗಿ ಇನ್ನೊಬ್ಬನ್ನ ತಗೋತಾಳಾ ಕೇಳಿ ನೋಡಿ. ನಮ್ಮ ಚಿಕ್ಕವ್ನು ನಿಮ್ಮ ಮಗಳ ಜೊತೆನೇ ಕೂತ್ಕೋತಾನೆ, ಫೀಸ್ ಇಬ್ರಿಗೂ ಕಮ್ಮಿ ಆಗುತ್ತೆ.

ತುಂಗಾತೀರದಮ್ಮ
ಕೇಳ್ತೀನಿ ಸರ್. ನಿಮ್ಮ ಮಗನಿಗೆ ಕನ್ನಡಿ ಲೆಕ್ಕ ಬರುತ್ತಾ?

ಗೋಪಾಳ_ಗಿರಿ
4 ಸೆಂಮೀ ಅಂತಿದಾನೆ. ಅದು ಹೇಗೆ ಬಂತು ಅಂತ ಅವನಿಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ.

ಭದ್ರಾವತಿ_ಬಾಯ್
ಭದ್ರಾವತಿ ನ್ಯೂಟೌನ್ ಹತ್ರ ಒಂಬತ್ತನೇ ಕ್ಲಾಸಿಗೆ ಯಾರಾದ್ರೂ ಇದಾರಾ? ಕೆಮಿಸ್ಟ್ರಿನೂ ಬೇಕು.

ರೋಧಕ47
ಬೇರೆ ಥ್ರೆಡ್ ಹಾಕಪ್ಪ. ಬಲ್ಬ್ ಪ್ರಶ್ನೆ ಮಾತ್ರ ಇಲ್ಲೇ ಕೇಳು.